ಕಾಲುವೆಯಲ್ಲಿ ಈಜು ಕಲಿಸಿದ ಮಾಸ್ತರರು: ಸೋಯಿಚಿ ಸಕಾಮೊಟೊ

ಶಿಕ್ಷಕರ ಜೀವನ ಚಿತ್ರವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಸಾಮಾನ್ಯವಾಗಿ ನೆನಪಾಗುವುದು ತತ್ತ್ವಜ್ಞಾನಿಗಳು, ಸಂಸ್ಥೆ ಕಟ್ಟಿದವರು. ಈ ಸಂಚಿಕೆಗೆ ನಾನು ಆರಿಸಿಕೊಂಡವರು ಆ ಸಾಲಿನವರಲ್ಲ. ಇವರು ಹವಾಯಿ ದ್ವೀಪಗಳ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕರು. ಮುಂದೆ ಅದೇ ದ್ವೀಪಗಳ ವಿಶ್ವವಿದ್ಯಾಲಯದ ಈಜು ತರಬೇತುದಾರರಾದರು. ಹೆಸರು ಸೋಯಿಚಿ ಸಕಾಮೊಟೊ, ಕಾಲ 1906ರಿಂದ 1997. ಈಜಿನ ಲೋಕದಲ್ಲಿ ಅವರದು ದೊಡ್ಡ ಹೆಸರು. ಶಿಕ್ಷಕ ಶಿಕ್ಷಣದ ತರಗತಿಯಲ್ಲಿ ಮಾತ್ರ ಅವರ ಹೆಸರು ಕೇಳಿಬರುವುದು ಕಡಿಮೆ.

ಇವರನ್ನು ಆರಿಸಿಕೊಳ್ಳಲು ನನಗೆ ಎರಡು ಕಾರಣಗಳಿವೆ. ಬೆಳಗಾವಿಯಿಂದ ಖಾನಾಪುರದ ಕಡೆಗೆ ಅಭ್ಯಾಸ ಪಾಠಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಕಬ್ಬಿನ ಹೊಲಗಳ ನಡುವಿನಿಂದಲೇ ಹೋಗುತ್ತಾರೆ. ಅವರ ಮುಂದೆ ಕುಳಿತುಕೊಳ್ಳುವ ಮಕ್ಕಳಲ್ಲಿ ಕೂಲಿಕಾರರ ಮಕ್ಕಳಿದ್ದಾರೆ. ಮನೆಯಲ್ಲಿ ಮರಾಠಿ, ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವವರಿದ್ದಾರೆ. ಸಕಾಮೊಟೊ ಅವರ ತರಗತಿಯೂ ಬಹುಮಟ್ಟಿಗೆ ಹೀಗೇ ಇತ್ತು. ಎರಡನೆಯ ಕಾರಣ, ಪ್ರತಿ ವರ್ಷವೂ ನನ್ನೆದುರು ಬರುವ ಒಂದು ಪ್ರಶ್ನೆ: ತನಗೇ ಚೆನ್ನಾಗಿ ಬಾರದ ವಿಷಯವನ್ನು ಶಿಕ್ಷಕ ಕಲಿಸಬಹುದೇ? ದೈಹಿಕ ಶಿಕ್ಷಣ, ಚಿತ್ರಕಲೆ, ಸಂಗೀತದ ಅವಧಿಗಳು ಕೈಗೆ ಬಂದಾಗ ಕಲಾ, ವಿಜ್ಞಾನ ಪದವೀಧರರು ಇದನ್ನು ಕೇಳುತ್ತಾರೆ. ಸಕಾಮೊಟೊ ಅವರ ಬದುಕು ಇದಕ್ಕೆ ಒಂದು ಉತ್ತರ.

ಕಬ್ಬಿನ ತೋಟದ ಮಕ್ಕಳು

ಸಕಾಮೊಟೊ ಹುಟ್ಟಿದ್ದು ಹವಾಯಿಯ ಮಾವಿ ದ್ವೀಪದಲ್ಲಿ. ಅವರದು ಜಪಾನಿನಿಂದ ವಲಸೆ ಬಂದ ಕುಟುಂಬ. ಆ ಕಾಲದ ಹವಾಯಿಯ ಆರ್ಥಿಕತೆ ನಿಂತಿದ್ದು ಸಕ್ಕರೆಯ ಮೇಲೆ. ಕಬ್ಬು ನೆಡಲು, ಕಡಿಯಲು, ಗಿರಣಿ ನಡೆಸಲು ಜಪಾನ್, ಚೀನಾ, ಫಿಲಿಪೀನ್ಸ್, ಪೋರ್ಚುಗಲ್‌ಗಳಿಂದ ಕೂಲಿಕಾರರನ್ನು ಕರೆತರಲಾಗಿತ್ತು. ಅವರಿಗೆ ತೋಟದೊಳಗೆ ಕ್ಯಾಂಪುಗಳಿದ್ದವು. ಮಕ್ಕಳು ತಂತಮ್ಮ ಮನೆಮಾತುಗಳನ್ನು ಬೆರೆಸಿದ ಒಂದು ಕಲಬೆರಕೆ ಇಂಗ್ಲಿಷನ್ನು ಆಡುತ್ತಿದ್ದರು. ಪುನೆನೆ ಎಂಬಲ್ಲಿ ದೊಡ್ಡ ಸಕ್ಕರೆ ಗಿರಣಿ ಇತ್ತು, ಅದರ ಸುತ್ತಲಿನ ಕ್ಯಾಂಪುಗಳ ಮಕ್ಕಳಿಗಾಗಿ ಶಾಲೆ ಇತ್ತು. ಸಕಾಮೊಟೊ ಆ ಶಾಲೆಯ ಶಿಕ್ಷಕರು.

ಬಿಸಿಲಿನ ದಿನಗಳಲ್ಲಿ ಮಕ್ಕಳು ಕಬ್ಬಿಗೆ ನೀರು ಹಾಯಿಸುವ ಕಾಲುವೆಗೆ ಇಳಿಯುತ್ತಿದ್ದರು. ಕಾಲುವೆ ತೋಟದ ಕಂಪನಿಯ ಸ್ವತ್ತು. ಕಾವಲುಗಾರರು ಬಂದು ಓಡಿಸುವುದು, ಮಕ್ಕಳು ಚದುರಿ ಓಡುವುದು, ಮರುದಿನ ಮತ್ತೆ ನೀರಿಗೆ ಬರುವುದು, ಹೀಗೆ ಇದು ನಡೆದೇ ಇತ್ತು.

ಅನುಮತಿ ಕೇಳಿದ ಶಿಕ್ಷಕರು

ಇಂಥ ಸಂದರ್ಭದಲ್ಲಿ ಶಿಕ್ಷಕರ ಮುಂದೆ ಸುಲಭದ ದಾರಿಗಳು ಎರಡು. ಕಂಡೂ ಕಾಣದಂತೆ ಇರುವುದು ಒಂದು, ನೀರಿಗೆ ಇಳಿಯಬೇಡಿ ಎಂದು ಪ್ರಾರ್ಥನೆಯ ವೇಳೆ ಗದರಿಸುವುದು ಇನ್ನೊಂದು. ಸಕಾಮೊಟೊ ಮೂರನೆಯ ದಾರಿ ಹಿಡಿದರು. ಶಾಲೆಯ ಅವಧಿ ಮುಗಿದ ಮೇಲೆ ತಾವೇ ನಿಂತು ನೋಡಿಕೊಳ್ಳುವುದಾಗಿ ಹೇಳಿ, ಮಕ್ಕಳು ಕಾಲುವೆಗೆ ಇಳಿಯಲು ತೋಟದವರಿಂದ ಅನುಮತಿ ಪಡೆದರು. ಅವರು ಈಜುಪಟುವೇನೂ ಆಗಿರಲಿಲ್ಲ, ಈಜಿನ ಶಾಸ್ತ್ರವನ್ನು ಕಲಿತವರೂ ಅಲ್ಲ. ಮೊದಲು ಅವರಿಗೆ ಇದ್ದ ಕೆಲಸ ಒಂದೇ, ಯಾರೂ ಮುಳುಗದಂತೆ ನೋಡಿಕೊಳ್ಳುವುದು.

ದಡದ ಮೇಲೆ ದಿನವೂ ನಿಂತವರು ನೋಡಲು ಕಲಿತರು. ಒಬ್ಬ ಹುಡುಗ ಬೇಗ ಏಕೆ ದಣಿಯುತ್ತಾನೆ, ಇನ್ನೊಬ್ಬ ಅದೇ ನೀರಿನಲ್ಲಿ ಸಲೀಸಾಗಿ ಏಕೆ ಸಾಗುತ್ತಾನೆ ಎಂಬ ಪ್ರಶ್ನೆಗಳು ಹುಟ್ಟಿದವು. ಉತ್ತರಕ್ಕಾಗಿ ಪುಸ್ತಕ ಓದಿದರು, ಪ್ರಯೋಗ ಮಾಡಿದರು, ಫಲ ಕೊಡದ್ದನ್ನು ಬಿಟ್ಟರು. ನಾವು ಕ್ರಿಯಾ ಸಂಶೋಧನೆ ಎಂದು ಕರೆದು ನಮೂನೆಗಳಲ್ಲಿ ತುಂಬಿಸುವ ಕೆಲಸವನ್ನು ಅವರು ಆ ಹೆಸರಿಲ್ಲದೆ ಕಾಲುವೆಯ ದಡದಲ್ಲಿ ಮಾಡಿದರು.

ಕಾಲುವೆಯೇ ಬೋಧನೋಪಕರಣ

ಆ ಕಾಲುವೆ ಸುಮಾರು ಎಂಟು ಅಡಿ ಅಗಲ, ಕೆಲವೇ ಅಡಿ ಆಳ. ನೀರು ಸ್ವಚ್ಛವಾಗಿರಲಿಲ್ಲ, ಆದರೆ ಅದಕ್ಕೆ ಹರಿವು ಇತ್ತು. ಈಜುಕೊಳದಲ್ಲಿ ಸಿಗದ ಈ ಹರಿವನ್ನು ಸಕಾಮೊಟೊ ಪಾಠಕ್ಕೆ ಬಳಸಿಕೊಂಡರು. ಮಕ್ಕಳನ್ನು ಮೊದಲು ಪ್ರವಾಹಕ್ಕೆ ಎದುರಾಗಿ ಈಜಿಸಿದರು, ಬಳಿಕ ಪ್ರವಾಹದ ಜೊತೆಗೆ. ಎದುರು ಈಜಿನಿಂದ ಶಕ್ತಿ ಬರುತ್ತದೆ. ಜೊತೆ ಈಜಿನಲ್ಲಿ ವೇಗದ ಅನುಭವ ಮೈಗೆ ಹತ್ತುತ್ತದೆ. ಕಷ್ಟ ಮತ್ತು ಸುಲಭವನ್ನು ಒಂದರ ಬೆನ್ನಿಗೆ ಇನ್ನೊಂದು ಇಡುವ ಈ ಕ್ರಮಕ್ಕೂ ಇಂದಿನ ಕ್ರೀಡಾ ತರಬೇತಿಯಲ್ಲಿ ಎಲ್ಲೆಡೆ ಕಾಣುವ ಬಿಟ್ಟು ಬಿಟ್ಟು ಶ್ರಮಿಸುವ ಪದ್ಧತಿಗೂ ಹತ್ತಿರದ ನೆಂಟು.

ಬೋಧನೆಯ ದೃಷ್ಟಿಯಿಂದ ಇದರಲ್ಲಿ ಇನ್ನೂ ಒಂದು ಲಾಭ ನನಗೆ ಕಾಣುತ್ತದೆ. ಪ್ರವಾಹಕ್ಕೆ ಎದುರಾಗಿ ಈಜುವ ಮಗು ಹೆಚ್ಚು ಮುಂದೆ ಹೋಗುವುದಿಲ್ಲ, ಬಹುಪಾಲು ಶಿಕ್ಷಕರ ಕಣ್ಣೆದುರೇ ಇರುತ್ತದೆ. ಕಾಲಿನ ಬಡಿತ ಸಡಿಲವಾದರೆ ಹಿಂದಕ್ಕೆ ಸರಿಯುತ್ತದೆ, ಸರಿಪಡಿಸಿಕೊಂಡರೆ ಮುಂದಕ್ಕೆ ಬರುತ್ತದೆ. ತಪ್ಪೇನೆಂದು ನೀರೇ ಆ ಕ್ಷಣ ತಿಳಿಸುತ್ತದೆ. ಪಾಠ ಮುಗಿದು ಎರಡು ದಿನಗಳ ಮೇಲೆ ವೀಕ್ಷಣಾ ಪುಸ್ತಕದಲ್ಲಿ ಬರೆದುಕೊಡುವ ಹಿಮ್ಮಾಹಿತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಓದುಗರೇ ಅಳೆಯಬಹುದು.

ಮುಂದೆ ತೋಟದ ಈಜುಕೊಳ ಬಳಸುವ ಅವಕಾಶ ಸಿಕ್ಕಿತು. ನೀರಿನ ಹೊರಗೆ ತೋಳು, ಹೆಗಲುಗಳನ್ನು ಬಲಪಡಿಸುವ ವ್ಯಾಯಾಮಗಳನ್ನೂ ಅವರು ಸೇರಿಸಿದರು.

ಮೂರು ವರ್ಷಗಳ ಯೋಜನೆ

1940ರ ಒಲಿಂಪಿಕ್ಸ್ ಟೋಕಿಯೊದಲ್ಲಿ ನಡೆಯುವುದೆಂದು 1936ರಲ್ಲಿ ತೀರ್ಮಾನವಾಗಿತ್ತು. 1937ರಲ್ಲಿ ಸಕಾಮೊಟೊ ಮಕ್ಕಳ ಮುಂದೆ ಒಂದು ಗುರಿ ಇಟ್ಟರು: ಮೂರು ವರ್ಷ ದುಡಿದು ಅಮೆರಿಕದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾಗುವುದು. ಹೀಗೆ ಹುಟ್ಟಿದ್ದು ಮೂರು ವರ್ಷಗಳ ಈಜು ಸಂಘ. ಹೆಸರೇ ಪಾಠ ಯೋಜನೆಯಂತಿದೆ. ಅದರಲ್ಲಿ ಗುರಿಯೂ ಇದೆ, ಅವಧಿಯೂ ಇದೆ.

ಕೂಲಿಕಾರರ ಮಕ್ಕಳಿಗೆ ಒಲಿಂಪಿಕ್ಸ್ ಎಂಬ ಮಾತು ಆ ದಿನಗಳಲ್ಲಿ ಅತಿಯೆಂದೇ ತೋರಿರಬೇಕು. ಆದರೆ ಎರಡೇ ವರ್ಷಗಳಲ್ಲಿ, 1939ರಲ್ಲಿ, ಡೆಟ್ರಾಯಿಟ್‌ನಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಈಜು ಸ್ಪರ್ಧೆಯಲ್ಲಿ ಈ ಸಂಘ ತಂಡ ಪ್ರಶಸ್ತಿ ಗೆದ್ದಿತು. 1940 ಮತ್ತು 1941ರಲ್ಲಿಯೂ ಗೆದ್ದಿತು. ಕಿಯೋ ನಕಾಮಾ, ಹ್ಯಾಲೊ ಹಿರೋಸೆ ಎಂಬ ಹುಡುಗರು ದೇಶಕ್ಕೆಲ್ಲ ಪರಿಚಿತರಾದರು. ಫುಜಿಕೊ ಕತ್ಸುತಾನಿ ಎಂಬ ಹುಡುಗಿ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಳು. ಹೊನೊಲುಲುವಿನ ಬಿಲ್ ಸ್ಮಿತ್ ಚಿಕ್ಕಂದಿನಲ್ಲಿ ವಿಷಮಶೀತ ಜ್ವರದಿಂದ ಬಳಲಿದ ಹುಡುಗ. ಸಕಾಮೊಟೊ ಅವರ ಬಳಿ ಕಲಿಯಬೇಕೆಂದು ಮಾವಿಗೆ ಬಂದು ಅವರ ಮನೆಯಲ್ಲಿಯೇ ಉಳಿದ.

ಗುರಿ ಕೈತಪ್ಪಿದಾಗ

ಚೀನಾದೊಡನೆ ಯುದ್ಧಕ್ಕಿಳಿದಿದ್ದ ಜಪಾನ್ 1938ರಲ್ಲಿಯೇ ಒಲಿಂಪಿಕ್ಸ್ ನಡೆಸುವ ಹೊಣೆ ಬಿಟ್ಟುಕೊಟ್ಟಿತು. ಕೂಟ ಹೆಲ್ಸಿಂಕಿಗೆ ಹೋಯಿತು. ಬಳಿಕ ಎರಡನೆಯ ಮಹಾಯುದ್ಧದಿಂದಾಗಿ ಅದೂ ರದ್ದಾಯಿತು. 1944ರ ಲಂಡನ್ ಒಲಿಂಪಿಕ್ಸ್ ಕೂಡ ನಡೆಯಲಿಲ್ಲ. ಮಕ್ಕಳು ಯಾವ ದಿನಕ್ಕಾಗಿ ಬೆಳಿಗ್ಗೆ ಸಂಜೆ ನೀರಿಗಿಳಿದಿದ್ದರೋ ಆ ದಿನ ಬರಲೇ ಇಲ್ಲ.

1941ರ ಡಿಸೆಂಬರ್ 7ರಂದು ಜಪಾನ್ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ದ್ವೀಪಗಳಲ್ಲಿ ಸೇನಾ ಆಡಳಿತ ಬಂತು. ಜಪಾನಿ ಮೂಲದವರೆಲ್ಲರ ಮೇಲೆ ಅನುಮಾನದ ಕಣ್ಣು ಬಿತ್ತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಸುಮಾರು 1,20,000 ಜಪಾನಿ ಮೂಲದ ಜನರನ್ನು ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಅದೇ ಸಮುದಾಯದ ಯುವಕರು 442ನೆಯ ರೆಜಿಮೆಂಟ್ ಸೇರಿ ಯುರೋಪಿನಲ್ಲಿ ಅಮೆರಿಕದ ಪರವಾಗಿ ಹೋರಾಡಿದರು. ಕಾಲುವೆಯಲ್ಲಿ ಈಜು ಕಲಿತ ಹಿರೋಸೆ ಅವರಲ್ಲಿ ಒಬ್ಬರು.

ಹಾಗಾದರೆ ಮೂರು ವರ್ಷಗಳ ದುಡಿಮೆ ವ್ಯರ್ಥವಾಯಿತೇ? ಅಧಿಸೂಚನೆಗಾಗಿ, ನೇಮಕಾತಿಗಾಗಿ ವರ್ಷಗಟ್ಟಲೆ ಕಾಯುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರವನ್ನು ಆ ಮಕ್ಕಳ ಮುಂದಿನ ಬದುಕಿನಲ್ಲಿ ನೋಡಬೇಕು. ನಕಾಮಾ, ಹಿರೋಸೆ, ಸ್ಮಿತ್ ಮೂವರೂ ಈಜಿನ ಬಲದಿಂದ ಓಹಿಯೊ ರಾಜ್ಯ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಈಜು ಮತ್ತು ಡೈವಿಂಗ್ ಎರಡನ್ನೂ ಒಂದೇ ತಂಡವಾಗಿ ಬೆಳೆಸಿದ್ದ ಮೈಕ್ ಪೆಪ್ಪೆ ಅವರ ಶಿಷ್ಯರಾದರು. ಕೂಲಿ ಕ್ಯಾಂಪಿನಿಂದ ಕಾಲೇಜಿಗೆ ಇದ್ದ ದೂರವನ್ನು ಅವರು ಈಜಿಯೇ ದಾಟಿದರು ಎನ್ನಬಹುದು. ನಕಾಮಾ ಮುಂದೆ ಶಿಕ್ಷಕರಾದರು, ಹವಾಯಿಯ ಶಾಸನಸಭೆಯ ಸದಸ್ಯರೂ ಆದರು. 1961ರಲ್ಲಿ ಮೊಲೊಕಾಯಿ ದ್ವೀಪದಿಂದ ಓಆಹು ದ್ವೀಪದವರೆಗಿನ, 40 ಕಿಲೋಮೀಟರಿಗೂ ಹೆಚ್ಚಿನ ಕಡಲ ದಾರಿಯನ್ನು ಈಜಿ ದಾಟಿದ ಮೊದಲಿಗರು ಅವರೇ.

ಕೊನೆಗೂ ಒಲಿಂಪಿಕ್ಸ್ ನಡೆದದ್ದು 1948ರಲ್ಲಿ, ಲಂಡನ್ನಿನಲ್ಲಿ. ಬಿಲ್ ಸ್ಮಿತ್ 400 ಮೀಟರ್ ಫ್ರೀಸ್ಟೈಲ್ ಅನ್ನು 4 ನಿಮಿಷ 41 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ರಿಲೇಯಲ್ಲಿ ಇನ್ನೊಂದು ಚಿನ್ನ ಬಂತು. ಮೂರು ವರ್ಷಗಳ ಯೋಜನೆಗೆ ಹನ್ನೊಂದು ವರ್ಷ ಹಿಡಿದಿತ್ತು. ಸಂಘದ ಬಹುಪಾಲು ಮಕ್ಕಳಿಗೆ ಆ ಅವಕಾಶ ಬರಲಿಲ್ಲ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ವಿಶ್ವವಿದ್ಯಾಲಯದ ತರಬೇತುದಾರರಾಗಿ

ಯುದ್ಧ ಮುಗಿದ ಮೇಲೆ ಸಕಾಮೊಟೊ ಹೊನೊಲುಲುವಿಗೆ ಬಂದು ಹವಾಯಿ ವಿಶ್ವವಿದ್ಯಾಲಯದ ತರಬೇತುದಾರರಾದರು. ಸುಮಾರು ಎರಡು ದಶಕ ಅಲ್ಲಿ ದುಡಿದರು. ಅವರ ಗರಡಿಯಲ್ಲಿ ಪಳಗಿದ ಥೆಲ್ಮಾ ಕಲಾಮಾ 1948ರ ರಿಲೇಯಲ್ಲಿ ಚಿನ್ನ, ಎವೆಲಿನ್ ಕವಾಮೊಟೊ 1952ರ ಹೆಲ್ಸಿಂಕಿಯಲ್ಲಿ ಎರಡು ಕಂಚು, ಬಿಲ್ ವೂಲ್ಸಿ ಅದೇ ಕೂಟದ ರಿಲೇಯಲ್ಲಿ ಚಿನ್ನ ಪಡೆದರು. 1966ರಲ್ಲಿ ಅಂತರರಾಷ್ಟ್ರೀಯ ಈಜು ಗೌರವ ಭವನ ಸಕಾಮೊಟೊ ಅವರ ಹೆಸರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಸ್ಪರ್ಧೆಯ ಕೊಳದಲ್ಲಿ ತಾವೇ ಪದಕ ಗೆದ್ದವರಲ್ಲ, ಆದರೂ ಗೆದ್ದವರ ಸಾಲಿನಲ್ಲಿ ಅವರಿಗೆ ಜಾಗ ದೊರೆಯಿತು.

ನಮ್ಮ ಅಭ್ಯಾಸ ಪಾಠಕ್ಕೆ

ಈ ಜೀವನ ಚಿತ್ರ ಓದಿ ಯಾರೂ ಮಕ್ಕಳನ್ನು ಕರೆದುಕೊಂಡು ಹೊಳೆಗೆ ಹೋಗಬಾರದು. ಇದನ್ನು ಒತ್ತಿ ಹೇಳುತ್ತೇನೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಮಳೆಗಾಲದಲ್ಲಿ ಕೆಂಪಗೆ ಉಕ್ಕುತ್ತದೆ. ಬೇಸಿಗೆಯಲ್ಲಿ ಶಾಂತವಾಗಿ ಕಂಡರೂ ಮಡುಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಅಳತೆ ಗೊತ್ತಿದ್ದ, ಎದೆಮಟ್ಟದ ಕಾಲುವೆಗೂ ಇದಕ್ಕೂ ಹೋಲಿಕೆಯಿಲ್ಲ. ಸಕಾಮೊಟೊ ಅವರಿಂದ ಕಲಿಯಬೇಕಾದದ್ದು ಅವರ ಕಾಲುವೆಯನ್ನಲ್ಲ, ಅವರ ಕ್ರಮವನ್ನು. ಅಪಾಯವನ್ನು ಬರಿಯ ನಿಷೇಧದಿಂದ ಮುಚ್ಚಿಡದೆ, ಹೊಣೆ ಹೊತ್ತು, ಅನುಮತಿ ಪಡೆದು, ಎದುರು ನಿಂತು ಕಲಿಸುವ ಕ್ರಮ ಅದು.

ನೀರಿಗಿಳಿಯದೆಯೇ ಕಲಿಸಬಹುದಾದದ್ದು ಬಹಳವಿದೆ. ಮುಳುಗುತ್ತಿರುವವರನ್ನು ಕಂಡರೆ ತಾನು ಧುಮುಕಬಾರದು. ಕೂಗಿ ಹಿರಿಯರನ್ನು ಕರೆಯಬೇಕು. ದಡದಲ್ಲಿ ಮಲಗಿ ಕೋಲು, ಹಗ್ಗ, ಸೀರೆ, ಧೋತರ ಚಾಚಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದ ಅಂಚು ಜಾರುತ್ತದೆ, ಒಳಗೆ ಬಿದ್ದವರಿಗೆ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಗಂಟು ಹಾಕಿದ ಒಂದು ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ಒಳಕ್ಕೆ ಬಿಟ್ಟಿರಬೇಕು. ಇದನ್ನೆಲ್ಲ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಅಭಿನಯಿಸಿ ಕಲಿಸಬಹುದು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ಸುರಕ್ಷಿತ ರಕ್ಷಣೆ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರ ತನ್ನ ವರದಿಯಲ್ಲಿ ಶಿಫಾರಸು ಮಾಡಿದೆ. ಜುಲೈ 25 ಮುಳುಗು ಸಾವು ತಡೆಯುವ ವಿಶ್ವ ದಿನ. ಖಾನಾಪುರದಲ್ಲಿ ಅದು ಜೋರು ಮಳೆಯ ಕಾಲ. ಆ ವಾರದ ಅಭ್ಯಾಸ ಪಾಠಕ್ಕೆ ಇದಕ್ಕಿಂತ ಸಕಾಲಿಕ ವಿಷಯ ಸಿಗಲಾರದು.

ಗಣಿತದವರಿಗೂ ಇಲ್ಲಿ ಪಾಠವಿದೆ. ನಿಂತ ನೀರಿನಲ್ಲಿ ನಿಮಿಷಕ್ಕೆ 60 ಮೀಟರ್ ಈಜುವ ಹುಡುಗಿ, ನಿಮಿಷಕ್ಕೆ 40 ಮೀಟರ್ ಹರಿಯುವ ಕಾಲುವೆಯಲ್ಲಿ 100 ಮೀಟರ್ ಎದುರು ಈಜಿ ಮರಳಿ ಬರುತ್ತಾಳೆ. ಹೋಗಲು 5 ನಿಮಿಷ, ಬರಲು 1 ನಿಮಿಷ, ಒಟ್ಟು 6. ನಿಂತ ನೀರಿನಲ್ಲಿ ಅದೇ 200 ಮೀಟರಿಗೆ 3 ನಿಮಿಷ 20 ಸೆಕೆಂಡ್ ಸಾಕು. ಪ್ರವಾಹ ಕಿತ್ತುಕೊಂಡದ್ದನ್ನು ಮರಳಿ ಬರುವಾಗ ಪೂರ್ತಿ ಕೊಡುವುದಿಲ್ಲ ಏಕೆ ಎಂದು ಮಕ್ಕಳನ್ನೇ ಕೇಳಿ. ಸಮಾಜ ವಿಜ್ಞಾನದವರಿಗೆ ವಲಸೆ ಮತ್ತು ಮಹಾಯುದ್ಧ ಇವೆ, ವಿಜ್ಞಾನದವರಿಗೆ ತೇಲುವ ನಿಯಮ ಇದೆ.

ನಮ್ಮ ಹಳ್ಳಿಗಳಲ್ಲಿ ಈಜು ಕಲಿಸುವ ಹಿರಿಯರು ಮಗುವಿನ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಕಲಿತಂತೆಲ್ಲ ಬೆಂಡು ಕಡಿಮೆ ಮಾಡಿ ಒಂದು ದಿನ ಬಿಚ್ಚಿಬಿಡುತ್ತಿದ್ದರು. ಬ್ರೂನರ್ ಮತ್ತು ಅವರ ಸಂಗಡಿಗರು 1976ರಲ್ಲಿ ಆಸರೆಗಟ್ಟು ಎಂಬ ಅರ್ಥದ ಹೆಸರು ಕೊಟ್ಟದ್ದು ಇಂಥ ಸಹಾಯಕ್ಕೇ. ಸಕಾಮೊಟೊ ಮಾಸ್ತರರು ತಮ್ಮ ಮಕ್ಕಳಿಗೆ ಇಂಥ ಬೆಂಡಾದರು, ಸಮಯ ಬಂದಾಗ ಬಿಚ್ಚಿಕೊಂಡರು. ಪಾಠ ಯೋಜನೆ ಬರೆಯುವಾಗ ಯಾವ ಸಹಾಯ ಕೊಡುತ್ತೇವೆ ಎಂಬುದರ ಪಕ್ಕದಲ್ಲಿ, ಅದನ್ನು ಯಾವಾಗ ತೆಗೆಯುತ್ತೇವೆ ಎಂಬುದಕ್ಕೂ ಒಂದು ಅಂಕಣ ಇರಲಿ. ಈ ವರ್ಷದ ತಂಡ ಖಾನಾಪುರಕ್ಕೆ ಹೊರಡುವ ಮೊದಲು ಆ ಅಂಕಣವನ್ನು ತುಂಬಿಸಿ ತರಬೇಕೆಂದು ನಾನು ಹೇಳಿದ್ದೇನೆ.