ಸ್ಯಾಂಡರ್ಸನ್ ಸಾಹೇಬರ ನಾಲ್ಕು ಬೋರು: ದುಂಡು ಗುಂಡೋ, ಮೊನೆ ಗುಂಡೋ?

ಚಾಮರಾಜನಗರದ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಹೊನ್ನುಹೊಳೆ ಹೊಸದಲ್ಲ. ಸುವರ್ಣಾವತಿ ಅಂತ ದೊಡ್ಡ ಹೆಸರು. ನೂರೈವತ್ತು ವರ್ಷದ ಹಿಂದೆ ಈ ಸೀಮೆಯಲ್ಲಿ ಒಬ್ಬ ಬಿಳಿ ಸಾಹೇಬರಿದ್ದರು. ಅವರ ಕೋವಿಯ ತೂಕವೇ ಒಂಬತ್ತು ಕೆ.ಜಿ.ಗೆ ಹತ್ತಿರ. ಹೆಸರು ಜಾರ್ಜ್ ಪಿ. ಸ್ಯಾಂಡರ್ಸನ್.

ಹುಟ್ಟಿದ್ದು 1848ರಲ್ಲಿ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ರೀವ್ ಪಾದ್ರಿಗಳ ಕನ್ನಡ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದವರು ಅವರೇ. ಮಗ ಇಂಗ್ಲೆಂಡಿನಲ್ಲಿ ಓದು ಮುಗಿಸಿ 1864ರಲ್ಲಿ ವಾಪಸು ಬಂದರು. ಕಾಫಿ ಬೆಳೆಯುವ ಆಸೆ ಇತ್ತು. ಕಾಫಿ ಕೈಹಿಡಿಯಲಿಲ್ಲ, ಕನ್ನಡ ಕೈಹಿಡಿಯಿತು. ಭಾಷೆ ಕಲಿತು ಮೈಸೂರು ಸರ್ಕಾರದ ನಾಲೆ ಕೆಲಸಕ್ಕೆ ಸೇರಿದರು. ನಾಲೆ ಏರಿಯ ಮೇಲೆ ಓಡಾಡುವ ನೌಕರಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಾಡು. ರಾತ್ರಿಯಾದರೆ ಆನೆಗಳು ಗದ್ದೆಗೆ ಇಳಿಯೋವು. ಹೀಗೆ ಸಾಹೇಬರಿಗೆ ಆನೆಯ ಬೆನ್ನು ಹತ್ತುವ ಹುಚ್ಚು ಹಿಡಿಯಿತು.

ಆನೆ ಬೇಟೆ ಅಂದರೆ ದಪ್ಪ ನಳಿಗೆಯ ಕೋವಿಯೇ ಬೇಕು. ಬೋರು ಅನ್ನೋದು ತೂಕದ ಲೆಕ್ಕ, ಅಂಗಡಿಯವರಿಗೆ ತಕ್ಷಣ ತಿಳಿಯುತ್ತದೆ. ಒಂದು ರಾತಲು ಸೀಸ, ಅಂದರೆ 454 ಗ್ರಾಂ. ಅದರಲ್ಲಿ ನಳಿಗೆಗೆ ಸರಿಹೊಂದುವ ದುಂಡು ಗುಂಡು ಹನ್ನೆರಡು ಬಂದರೆ 12 ಬೋರು. ನಾಲ್ಕೇ ಬಂದರೆ 4 ಬೋರು. 12 ಬೋರಿನ ಗುಂಡು 38 ಗ್ರಾಂ ತೂಗಿದರೆ 4 ಬೋರಿನದು 113 ಗ್ರಾಂ. ಅಡ್ಡಳತೆ ಒಂದು ಅಂಗುಲಕ್ಕೂ ಮಿಗಿಲು. ಹೆಸರಿನ ಅಂಕಿ ಇಳಿದಷ್ಟೂ ಗುಂಡು ದೊಡ್ಡದು.

ಆ ಕಾಲದ ಬೇಟೆಗಾರರಲ್ಲಿ ದೊಡ್ಡ ಜಗಳ ಇದೇ: ದುಂಡು ಗುಂಡು ಮೇಲೋ, ಮೊನೆ ಗುಂಡು ಮೇಲೋ?

ಎರಡು ಕಡೆಯೂ ನ್ಯಾಯ ಇತ್ತು. ದುಂಡು ಗುಂಡಿನ ತೂಕ ಹೆಚ್ಚಬೇಕಾದರೆ ನಳಿಗೆಯನ್ನೇ ದಪ್ಪ ಮಾಡಬೇಕು, ಬೇರೆ ದಾರಿ ಇಲ್ಲ. ಮೊನೆ ಗುಂಡು ಹಾಗಲ್ಲ. ಅದೇ ನಳಿಗೆಯಲ್ಲಿ ಗುಂಡನ್ನು ಉದ್ದ ಮಾಡಿದರೆ ತೂಕ ಏರುತ್ತದೆ. ಗಾಳಿಯಲ್ಲಿ ವೇಗ ಅಷ್ಟಾಗಿ ಇಳಿಯುವುದಿಲ್ಲ, ದೂರ ಹೋಗುತ್ತದೆ, ಆಳಕ್ಕೆ ಇಳಿಯುತ್ತದೆ. ಆದರೆ ಅದಕ್ಕೆ ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿರಬೇಕು, ಗುಂಡು ಬುಗುರಿಯಂತೆ ತಿರುಗಬೇಕು. ತಿರುಗು ಸಾಲದಿದ್ದರೆ ಅಡ್ಡಡ್ಡ ಉರುಳುತ್ತದೆ. ಓರೆಯಾಗಿ ಮೂಳೆಗೆ ಬಡಿದರೆ ದಾರಿ ತಪ್ಪುವುದೂ ಉಂಟು. ಭಾರ ಹೆಚ್ಚಿದಂತೆ ಕೋವಿ ಹಿಂದಕ್ಕೆ ಒದೆಯೋದೂ ಹೆಚ್ಚು. ಹೊಡೆಯುವವನ ಹೆಗಲಿಗೆ ಒಂದು ಮಿತಿ ಇದೆಯಲ್ಲ!

ದುಂಡು ಗುಂಡಿಗೆ ಈ ತಾಪತ್ರಯ ಇಲ್ಲ. ಯಾವ ಕಡೆ ತಿರುಗಿದರೂ ಅದು ದುಂಡೇ. ನುಣುಪು ನಳಿಗೆಯಲ್ಲೂ ಹತ್ತಿರದ ಗುರಿಗೆ ನೆಟ್ಟಗೆ ಹೋಗುತ್ತದೆ. ಹಗುರ ಇರೋದರಿಂದ ಮದ್ದು ಹೆಚ್ಚು ತುಂಬಬಹುದು. ಮೆತ್ತನೆ ಸೀಸ ಮೂಳೆಗೆ ಬಡಿದು ಚಪ್ಪಟೆಯಾಗದಿರಲಿ ಅಂತ ತವರ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಇದರ ದೋಷ ಒಂದೇ: ದೂರ ಹೋದಂತೆ ಬೇಗ ಸೋಲುತ್ತದೆ.

ಸ್ಯಾಂಡರ್ಸನ್ ಸಾಹೇಬರ ಮೊದಲ 4 ಬೋರು ಒಂಟಿ ನಳಿಗೆಯದು, ಒಳಗೆ ಗೆರೆ ಇದ್ದದ್ದು, ಏಳೂವರೆ ಕೆ.ಜಿ. ಆಮೇಲೆ ಮಾಡಿಸಿದ್ದು ಜೋಡಿ ನಳಿಗೆ, ನುಣುಪು ನಳಿಗೆ. ಒಂದು ಸಲಕ್ಕೆ ಹನ್ನೆರಡು ಡ್ರಾಂ, ಅಂದರೆ 21 ಗ್ರಾಂ ಕರಿಮದ್ದು. ಹೊಸ ಕಾಲದ ಗೆರೆ ನಳಿಗೆ ಬಿಟ್ಟು ಹಳೇ ಕಾಲದ ದುಂಡು ಗುಂಡಿಗೆ ಹೋದರೇ ಅಂತ ಅಚ್ಚರಿ ಆಗಬಹುದು. ಆದರೆ ದಟ್ಟ ಕಾಡಿನಲ್ಲಿ ಆನೆ ಕಾಣಿಸೋದೇ ಹತ್ತು ಹದಿನೈದು ಗಜದಲ್ಲಿ. ಅಲ್ಲಿ ದೂರದ ಮಾತೇ ಇಲ್ಲ. ಆನೆಯ ತಲೆ ದೊಡ್ಡದಾದರೂ ಮಿದುಳು ಹಿಂದೆ ಎಲ್ಲೋ ಅಡಗಿರುತ್ತದೆ, ಮುಂದೆಲ್ಲ ಜೇನುಗೂಡಿನಂಥ ಮೂಳೆ. ಆ ಜಾಗ ಗೊತ್ತಿಲ್ಲದವನಿಗೆ ದುಂಡಾದರೇನು, ಮೊನೆಯಾದರೇನು! ಗುಂಡು ತಪ್ಪಿದರೆ ಆನೆ ನರಳಿ ನರಳಿ ಕಾಡು ಸೇರುತ್ತದೆ, ಇಲ್ಲವೇ ಹೊಡೆದವನನ್ನೇ ತುಳಿಯುತ್ತದೆ. ಮೈಸೂರು-ವಯನಾಡು ರಸ್ತೆಯಲ್ಲಿ ಜನರನ್ನು ಕಾಡಿದ ಕಾಕನಕೋಟೆಯ ಪುಂಡಾನೆಯನ್ನು ಸಾಹೇಬರು ಉರುಳಿಸಿದ್ದು ಆನೆಯ ಚಲನವಲನ ಬಲ್ಲವರಾದ್ದರಿಂದ.

ಆ ತಿಳಿವಳಿಕೆಯೇ ಕೊನೆಗೆ ಕೋವಿಯನ್ನು ಬದಿಗಿಡಿಸಿತು. ಪುಂಡಾನೆಗಳನ್ನು ಬಿಟ್ಟರೆ ಆನೆ ಅಂಜುಬುರುಕ ಪ್ರಾಣಿ ಅನ್ನೋದು ಅವರಿಗೆ ಮನದಟ್ಟಾಗಿತ್ತು. ಸತ್ತ ಆನೆಯಿಂದ ಸರ್ಕಾರಕ್ಕೇನು ಲಾಭ? ಹಿಡಿದರೆ ಬೆಳೆಯೂ ಉಳಿದೀತು, ಖಜಾನೆಗೂ ಕಾಸು ಬಂದೀತು. ನಗುವವರಿಗೇನೂ ಕಮ್ಮಿ ಇರಲಿಲ್ಲ. ಹೈದರಾಲಿಯೇ ಕಾಕನಕೋಟೆಯಲ್ಲಿ ಹಿಂಡು ಹಿಡಿಯಲು ಹೋಗಿ ಸೋತು, ಮುಂದೆ ಯಾರೂ ಕೈಹಾಕಬಾರದು ಅಂತ ಕಲ್ಲಿನ ಮೇಲೆ ಶಾಪ ಕೆತ್ತಿಸಿದ್ದನೆಂಬ ಪ್ರತೀತಿ ಇತ್ತು. ಸೋತರೆ ಸಾಹೇಬರ ಮಾನವೂ ಹೋಗುತ್ತಿತ್ತು, ಸರ್ಕಾರದ ಹಣವೂ ಹೋಗುತ್ತಿತ್ತು.

ಸಾಹೇಬರು ಸೋಲಲಿಲ್ಲ. 1874ರಲ್ಲಿ ಹೊನ್ನುಹೊಳೆಯ ಬಳಿ ಕಂದಕ ತೋಡಿಸಿ, ಊರವರನ್ನು ಸುತ್ತ ನಿಲ್ಲಿಸಿ, ರಾತ್ರಿಯೆಲ್ಲ ಬೆಂಕಿ ಉರಿಸಿ, ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡನ್ನು ಕೆಡವಿಕೊಂಡರು. ಕೆಲವು ಆನೆ ಸತ್ತವು ಅನ್ನೋದನ್ನೂ ಮರೆಯುವಂತಿಲ್ಲ. ಮರು ವರ್ಷವೇ ಬಂಗಾಳದ ಖೆಡ್ಡಾ ನಡೆಸಲು ಢಾಕಾಕ್ಕೆ ಕರೆ ಬಂತು. 1878ರಲ್ಲಿ ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷದ ಕತೆಯನ್ನು ಪುಸ್ತಕ ಮಾಡಿದರು. ಕೋವಿ ಗುಂಡಿನ ವಿಚಾರವೂ ಅದರಲ್ಲಿದೆ. 1892ರಲ್ಲಿ ಮದರಾಸಿನಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ಐವತ್ತು ದಾಟಿರಲಿಲ್ಲ. ಕಿಪ್ಲಿಂಗ್ ಬರೆದ ಆನೆ ಕತೆಯ ಪೀಟರ್ಸನ್ ಸಾಹೇಬ ಇವರೇ ಅಂತ ಬಲ್ಲವರು ನಂಬುತ್ತಾರೆ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರು ವರ್ಷ ವನ್ಯಜೀವಿ ಕಾಯ್ದೆ ಬಂತು, 1977ರಲ್ಲಿ ಆನೆ ಅದರ ಮೊದಲ ಪಟ್ಟಿಗೆ ಸೇರಿತು. ದುಂಡು ಗುಂಡು, ಮೊನೆ ಗುಂಡಿನ ಜಗಳಕ್ಕೆ ಈಗ ಕೆಲಸವಿಲ್ಲ. ಕಾಡಂಚಿನ ಊರುಗಳಲ್ಲಿ ಆನೆ ಇವತ್ತಿಗೂ ಗದ್ದೆಗೆ ಬರುತ್ತದೆ, ಅರಣ್ಯ ಇಲಾಖೆ ಇವತ್ತಿಗೂ ಕಂದಕ ತೋಡಿಸುತ್ತದೆ.