ಗಣಿತಾಚಾರ್ಯ ಮಹಾವೀರ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಊರಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಕವಿಗಳಿಗೂ ಶಾಸ್ತ್ರಜ್ಞರಿಗೂ ಆಶ್ರಯದಾತನಾಗಿದ್ದನು. ‘ಕವಿರಾಜಮಾರ್ಗ’ವು ಹುಟ್ಟಿದ್ದು ಅವನ ಕಾಲದಲ್ಲಿಯೇ. ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತ ಪದ್ಯಗಳಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು.

ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗಣಿತವನ್ನು ಖಗೋಳಶಾಸ್ತ್ರದ ಅಂಗವಾಗಿ ಬೋಧಿಸಿದ್ದರು. ಮಹಾವೀರಾಚಾರ್ಯರಾದರೋ ಗಣಿತಕ್ಕೇ ಮೀಸಲಾದ ಗ್ರಂಥವನ್ನು ಬರೆದರು. ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು ಮುಂತಾದ ಎಲ್ಲ ವಿದ್ಯೆಗಳಿಗೂ ಗಣಿತವು ಬೇಕೇ ಬೇಕೆಂಬುದು ಅವರ ದೃಢವಾದ ಮತ. ತಮ್ಮ ಗ್ರಂಥವು ಹಿಂದಿನ ಆಚಾರ್ಯರ ಜ್ಞಾನಸಾಗರದಿಂದ ಆಯ್ದುಕೊಂಡದ್ದೆಂದು ಅವರು ವಿನಯದಿಂದ ಹೇಳಿಕೊಂಡಿದ್ದಾರೆ.

ಅವರಿಗೆ ವಿಶೇಷ ಪ್ರೀತಿಯಿದ್ದ ವಿಷಯ ಭಿನ್ನರಾಶಿ. ಅದಕ್ಕೆ ‘ಕಲಾಸವರ್ಣ’ವೆಂಬ ಒಂದು ಅಧ್ಯಾಯವನ್ನೇ ಅವರು ಮೀಸಲಿಟ್ಟರು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ಅವರು ‘ನಿರುದ್ಧ’ವೆಂಬ ಹೆಸರಿನಿಂದ ವಿವರಿಸಿದರು. ಒಂದನ್ನು ಬಗೆಬಗೆಯ ಪಾಲುಗಳಾಗಿ ಒಡೆಯುವ ಸೂತ್ರವನ್ನೂ ಕೊಟ್ಟರು. 1/2, 1/3, 1/9, 1/18 ಇವನ್ನು ಕೂಡಿಸಿದರೆ ಸರಿಯಾಗಿ ಒಂದು ಬರುವುದು.

ಅವರ ಗುಣಾಕಾರದ ಲೆಕ್ಕಗಳಲ್ಲಿ ಒಂದು ಬಹು ಸೊಗಸಾದುದು. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಇದರಲ್ಲಿ ಮೊದಲ ಆರು ಅಂಕಿಗಳನ್ನು ಗಮನಿಸಬೇಕು. ಒಂದನ್ನು ಏಳರಿಂದ ಭಾಗಿಸಿ ದಶಮಾಂಶಕ್ಕೆ ತಂದರೆ 0.142857142857… ಎಂದು ಅವೇ ಅಂಕಿಗಳು ಕೊನೆಯಿಲ್ಲದೆ ಮರಳಿ ಮರಳಿ ಬರುತ್ತವೆ.

ಹೀಗಾಗಲು ಕಾರಣ ಸರಳವಾಗಿದೆ. ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 1ರಿಂದ 6ರವರೆಗೆ ಮಾತ್ರ. 1, 3, 2, 6, 4, 5 ಎಂದು ಆರೂ ಬಂದುಹೋದ ಮೇಲೆ ಮತ್ತೆ 1 ಬರಲೇಬೇಕು. ಆಗ ಹಿಂದಿನ ಅಂಕಿಗಳೇ ಮರುಕಳಿಸುತ್ತವೆ. ಇದು ಆವರ್ತ ದಶಮಾಂಶ. ಆದರೆ 1/8 ಎಂಬುದು 0.125ಕ್ಕೂ, 3/20 ಎಂಬುದು 0.15ಕ್ಕೂ ನಿಂತುಬಿಡುತ್ತವೆ. ಹತ್ತು ಎಂಬುದು ಎರಡು ಮತ್ತು ಐದರ ಗುಣಲಬ್ಧ. ಆದುದರಿಂದ ಸಂಕ್ಷೇಪಿಸಿದ ಭಿನ್ನರಾಶಿಯ ಛೇದದಲ್ಲಿ ಎರಡು, ಐದುಗಳ ಹೊರತು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ದಶಮಾಂಶವು ಅಂತ್ಯಗೊಳ್ಳುತ್ತದೆ, ಇದ್ದರೆ ಆವರ್ತವಾಗುತ್ತದೆ.

ಮಹಾವೀರಾಚಾರ್ಯರು ದಶಮಾಂಶ ಬಿಂದುವನ್ನು ಬಳಸಿದವರಲ್ಲ. ಯೂರೋಪಿನಲ್ಲಿ ದಶಮಾಂಶವು ಬಳಕೆಗೆ ಬರಲು ನೆರವಾದ ಸೈಮನ್ ಸ್ಟೆವಿನ್‌ನ ಪುಸ್ತಕ ಹೊರಬಂದದ್ದು 1585ರಲ್ಲಿ. ಅದಕ್ಕೆ ಏಳು ಶತಮಾನಗಳ ಹಿಂದೆಯೇ ಏಳರ ಭಾಗಾಕಾರದಲ್ಲಿ ಅಡಗಿದ್ದ ಅಂಕಿಗಳ ಸಾಲು ಮಾನ್ಯಖೇಟದ ಆಚಾರ್ಯರ ಲೆಕ್ಕದಲ್ಲಿ ಹಾರವಾಗಿ ಹೊಳೆದಿತ್ತು.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವುದೆಂಬ ಅವರ ಮಾತು ಮಾತ್ರ ಸರಿಯಲ್ಲ. ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವಿಲ್ಲವೆಂದು ಇಂದಿನ ಗಣಿತ ತಿಳಿಸುತ್ತದೆ. ಹಿರಿಯರ ಮಾತನ್ನೂ ಪರೀಕ್ಷಿಸಿ ಒಪ್ಪುವುದೇ ಗಣಿತದ ದಾರಿ. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ.

‘ಗಣಿತಸಾರಸಂಗ್ರಹ’ವು ದಕ್ಷಿಣ ಭಾರತದಲ್ಲಿ ಬಹುಕಾಲ ಪಾಠಗ್ರಂಥವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮುಂದೆ ಅದು ವಿದ್ವಾಂಸರ ಕಣ್ಣಿಗೆ ಮರೆಯಾದರೂ ಅಳಿಯಲಿಲ್ಲ. ಓದುವವರು ವಿರಳವಾದ ಕಾಲದಲ್ಲಿಯೂ ಕನ್ನಡ ಲಿಪಿಯ ತಾಳೆಗರಿಗಳು ಅದನ್ನು ಕಾಪಾಡಿದವು. ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ ನೋಡಿ, 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದರು. ಅಂದಿನಿಂದ ಕನ್ನಡ ನಾಡಿನ ಈ ಗಣಿತಾಚಾರ್ಯರ ಹೆಸರು ಪ್ರಪಂಚದ ಗಣಿತ ಚರಿತ್ರೆಯಲ್ಲಿ ನೆಲೆಗೊಂಡಿತು.