ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರೂ ಭಕ್ತರ ಮದುವೆಯ ಸಾಲವೂ

ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ 1914ನೆಯ ಇಸವಿ ಏಪ್ರಿಲ್ 28ರಂದು ಜನಿಸಿದ ಬಾಲಕನೇ ಮುಂದೆ ಸಿರಿಗೆರೆಯ ಶ್ರೀ ತರಳಬಾಳು ಬೃಹನ್ಮಠದ ಪೀಠವನ್ನಲಂಕರಿಸಿ, ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರೆಂದು ನಾಡಿಗೆ ವಂದ್ಯನಾದನು. ಪಟ್ಟಾಧಿಕಾರವಾದದ್ದು 1940ರಲ್ಲಿ. ಶ್ರೀಗಳವರು ಶಾಲೆಗಳನ್ನು ಸ್ಥಾಪಿಸಿದುದು, 1950ರಿಂದ ತರಳಬಾಳು ಹುಣ್ಣಿಮೆಯನ್ನು ಊರೂರಿಗೆ ಒಯ್ದುದು ಭಕ್ತರೆಲ್ಲರೂ ಬಲ್ಲ ಸಂಗತಿ. ಒಕ್ಕಲು ಮಕ್ಕಳ ಮನೆಯ ಮದುವೆಯ ಲೆಕ್ಕವನ್ನು ಧರ್ಮದ ವಿಚಾರವೆಂದೇ ಎಣಿಸಿದುದನ್ನು ಮಾತ್ರ ಜನರು ಅಷ್ಟಾಗಿ ನೆನೆಯುವುದಿಲ್ಲ.

ಮಠದ ಭಕ್ತವರ್ಗವು ಚಿತ್ರದುರ್ಗ, ದಾವಣಗೆರೆಗಳಿಂದ ಚನ್ನಗಿರಿ, ಹೊನ್ನಾಳಿ, ಭದ್ರಾವತಿ, ಶಿವಮೊಗ್ಗೆಗಳವರೆಗೆ ಹಬ್ಬಿರುವುದು. ಇವರಲ್ಲಿ ಬಹುಮಂದಿ ಬೇಸಾಯಗಾರರು. 1960ರ ದಶಕದಲ್ಲಿ ಭದ್ರಾ ನಾಲೆಗಳ ನೀರು ಹರಿಯಲಾಗಿ ಒಣಭೂಮಿಯು ಗದ್ದೆಯಾಯಿತು; ಗದ್ದೆಯು ಕ್ರಮೇಣ ಅಡಿಕೆಯ ತೋಟವಾಯಿತು. ಕೈಯಲ್ಲಿ ಹಣವಾಡತೊಡಗಿತು. ಹಣದ ಹಿಂದೆಯೇ ಚಪ್ಪರವೂ ಬೆಳೆಯಿತು! ಊರಿನವರಿಗೆ ಅನ್ನವಿಕ್ಕಿ ಮುಗಿಯುತ್ತಿದ್ದ ಕಾರ್ಯಕ್ಕೆ ವಾದ್ಯ, ದೀಪಾಲಂಕಾರ, ಬಂಗಾರ, ವರೋಪಚಾರಗಳು ಸೇರಿದವು.

ನಾಲೆಯ ನೀರು ಕಾಣದ ಊರುಗಳೂ ಹಿಂದುಳಿಯಲಿಲ್ಲ. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿರುವ ತ್ಯಾವರೆಕೊಪ್ಪದ ಕಡೆಯ ಮಳೆಯಾಶ್ರಿತ ಸಣ್ಣ ಹಿಡುವಳಿದಾರನೂ ನೀರಾವರಿ ಸೀಮೆಯ ಬೀಗರಿಗೆ ಸರಿದೊರೆಯಾಗಿ ಚಪ್ಪರ ಹಾಕಬೇಕಾಯಿತು. ಅವನು ಮಂಡಿಯ ಸಾಹುಕಾರನಲ್ಲಿ ಮುಂಗಡ ತಂದರೆ ಮುಂದಿನ ಫಸಲನ್ನು ಆ ಮಂಡಿಗೇ ಹಾಕಬೇಕು. ಧಾರಣೆ ಏರುವ ತನಕ ಕಾಯುವ ಸ್ವಾತಂತ್ರ್ಯವಿಲ್ಲ. ಬಡ್ಡಿಯೂ ದಲ್ಲಾಳಿಯೂ ಮುರಿದ ಮೇಲೆ ಉಳಿದುದರಲ್ಲಿ ಗೊಬ್ಬರ, ಆಳಿನ ಕೂಲಿ, ಕಿರಿಯ ಮಕ್ಕಳ ಓದು ಎಲ್ಲವೂ ಸಾಗಬೇಕು. ಒಂದು ವರ್ಷ ಮಳೆ ತಪ್ಪಿದರೆ ಹಿರಿಯ ಮಗಳ ಧಾರೆಗೆ ಮಾಡಿದ ಸಾಲವನ್ನು ಕಿರಿಯ ಮಗನ ಪಾಲಿನ ಹೊಲವು ತೀರಿಸುವುದು. ಪಾಲು, ಸಾಲ, ಕ್ರಯಗಳ ವ್ಯಾಜ್ಯಗಳನ್ನು ಹೊತ್ತು ಭಕ್ತರು ಗುರುಸನ್ನಿಧಿಗೆ ಬರುತ್ತಿದ್ದುದರಿಂದ ಈ ಕ್ರಮವು ಶ್ರೀಗಳವರಿಗೆ ತಿಳಿಯದ್ದಲ್ಲ.

ಆದಕಾರಣ ಶ್ರೀಗಳವರು ಸರಳ ವಿವಾಹವನ್ನೂ ಸಾಮೂಹಿಕ ವಿವಾಹವನ್ನೂ ಎತ್ತಿಹಿಡಿದರು, ವರದಕ್ಷಿಣೆಯನ್ನು ಖಂಡಿಸಿದರು, ಜಾತಿಯ ಮೇರೆಯನ್ನು ಮೀರಿದ ವಿವಾಹಗಳಿಗೂ ಆಶೀರ್ವಾದವಿತ್ತರು. ವರದಕ್ಷಿಣೆಯನ್ನು ನಿಷೇಧಿಸಿ 1961ರಲ್ಲಿ ಕಾಯಿದೆಯೇ ಬಂದಿತ್ತಾದರೂ ಕೊಡುವವನೂ ಕೊಳ್ಳುವವನೂ ಸೇರಿ ಬಚ್ಚಿಟ್ಟುದನ್ನು ಕಾಯಿದೆಯು ಹೇಗೆ ಕಂಡೀತು? ಬಡವನು ಸರಳವಾಗಿ ಮದುವೆ ಮಾಡಿದರೆ ಗತಿಯಿಲ್ಲದವನೆನ್ನುವರು; ಅದೇ ಮದುವೆಯು ಗುರುವಿನ ಸಮ್ಮುಖದಲ್ಲಿ, ಸಿರಿವಂತನ ಮಗನ ಪಕ್ಕದಲ್ಲಿಯೇ ನಡೆದರೆ ಹಾಗೆನ್ನಲು ಯಾರಿಗೂ ಬಾಯಿ ಬಾರದು. ಸಾಮೂಹಿಕ ವಿವಾಹದ ಬಲವಿರುವುದು ಇಲ್ಲಿಯೇ. ಖರ್ಚಿನ ಉಳಿತಾಯವು ಅದರ ಮುಂದೆ ಎರಡನೆಯದು.

ಶ್ರೀಗಳವರು ನಾಟಕಗಳನ್ನೂ ರಚಿಸಿದರು. ಕಲ್ಯಾಣದ ಶರಣರ ಬಲಿದಾನವನ್ನು ಕುರಿತ ‘ಮರಣವೇ ಮಹಾನವಮಿ’ಯು ಹಳ್ಳಿಯ ಜನರನ್ನು ಬಹುವಾಗಿ ಸೆಳೆಯಿತು. ಹರಳಯ್ಯ ಮಧುವರಸರು ತಮ್ಮ ಮಕ್ಕಳ ವಿವಾಹಕ್ಕಾಗಿ ತೆತ್ತದ್ದು ಹೊನ್ನನ್ನಲ್ಲ, ಪ್ರಾಣವನ್ನು. ಆ ಕಥೆಗೆ ಕಣ್ಣೀರಿಟ್ಟವರೇ ಮರುವರ್ಷ ಸಾಲದ ಚಪ್ಪರ ಹಾಕಿದುದೂ ಉಂಟು. ಬೆಳಗ್ಗೆ ಮಠದಲ್ಲಿ ಸರಳವಾಗಿ ಧಾರೆಯೆರೆದು, ಸಂಜೆ ಪಟ್ಟಣದ ಛತ್ರದಲ್ಲಿ ಸಾವಿರ ಎಲೆ ಹಾಕಿಸುವ ಜಾಣರೂ ಹುಟ್ಟಿಕೊಂಡರು. ಮಠಗಳವರೂ ಇದರಲ್ಲಿ ಪೂರ್ಣ ನಿರ್ದೋಷಿಗಳಲ್ಲ. ವೈಭವದ ಮದುವೆಗೆ ಸ್ವಾಮಿಗಳ ಆಗಮನವೇ ಒಂದು ಅಲಂಕಾರವಾಗುವುದುಂಟಷ್ಟೆ.

ಪರರಿಗೆ ಮಿತವನ್ನು ಹೇಳಿದ ಶ್ರೀಗಳವರು ತಮಗೂ ಮಿತಿಯನ್ನಿಟ್ಟುಕೊಂಡರು. ಅರವತ್ತು ತುಂಬಿದಾಗ, 1974ರಲ್ಲಿ, ಪೀಠತ್ಯಾಗದ ನಿರ್ಧಾರವನ್ನು ಪ್ರಕಟಿಸಿದರು. 1979ರಲ್ಲಿ ಉತ್ತರಾಧಿಕಾರಿಗಳಿಗೆ ಪಟ್ಟವಾಯಿತು. 1992ನೆಯ ಇಸವಿ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದರು. ಪ್ರತಿ ವರ್ಷವೂ ಆ ದಿನದ ಶ್ರದ್ಧಾಂಜಲಿಗೆ ಶಿವಮೊಗ್ಗೆ, ಭದ್ರಾವತಿಗಳ ಕಡೆಯಿಂದಲೂ ಭಕ್ತರು ಸಿರಿಗೆರೆಗೆ ಬಂದು ಸೇರುತ್ತಾರೆ.